ಗಣಕಯಂತ್ರದ ಲೆಕ್ಕಕ್ಕೆ ಹೊಸ ಕಾಲಂ

ಸಂಘದಲ್ಲಿ ಸದಸ್ಯರ ಅಡಿಕೆ ಜಮೆ ಗಣಕಯಂತ್ರದಲ್ಲಿದ್ದು, ಚಾಲಿಗೂ ಕೆಂಪಿಗೂ ಬೇರೆ ಕಾಲಂ ಬೇಕೆಂದುಕೊಳ್ಳೋಣ. ಆಗ ಆಜ್ಞೆಗಳನ್ನು ಟೈಪು ಮಾಡಿ ಲೆಕ್ಕದ ಪಟ್ಟಿಯ ರಚನೆಯನ್ನೇ ಬದಲಿಸಬೇಕು. ಒಂದು ಸಾಲು ತಪ್ಪಿದರೆ ವರ್ಷದ ಜಮೆಯೇ ಅಳಿಸೀತು. ಆದ್ದರಿಂದ ಮೊದಲು ಪೂರ್ತಿ ನಕಲು ತೆಗೆದು, ಬೇರೊಂದು ಯಂತ್ರದಲ್ಲಿ ತುಂಬಿಸಿ, ಬದಲಾವಣೆಯನ್ನು ಅಲ್ಲಿ ಪ್ರಯೋಗಿಸತಕ್ಕದ್ದು. (ತುಂಬಿಸಿ ನೋಡದ ನಕಲನ್ನು ನಂಬುವಂತಿಲ್ಲ.)

ಪೋಸ್ಟ್‌ಗ್ರೆಸ್ ತಂತ್ರಾಂಶದಲ್ಲಿ 'ಬಿಗಿನ್' ಎಂದು ಆರಂಭಿಸಿದರೆ, ಎರಡು ಕಾಲಂಗಳ ಮೊತ್ತ ಹಳೆಯದಕ್ಕೆ ತಾಳೆಯಾಗದಿದ್ದಾಗ 'ರೋಲ್‌ಬ್ಯಾಕ್' ಎಂದು ಹಿಂದೆಗೆಯಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ರಚನೆಯ ಬದಲಾವಣೆಗೆ ಈ ಅನುಕೂಲವಿಲ್ಲ. ಆಜ್ಞೆ ನಡೆದೊಡನೆ ಖಾಯಂ.

ಹಳೆಯ ಕಾಲಮನ್ನು ಅಂದೇ ತೆಗೆಯಬಾರದು. ರಸೀದಿ ಮುದ್ರಿಸುವ ಪ್ರೋಗ್ರಾಂ ಇನ್ನೂ ಅದನ್ನೇ ಓದುತ್ತಿರಬಹುದು. ಹಂಗಾಮು ಮುಗಿದ ಮೇಲೆ ತೆಗೆದರಾಯಿತು.

ಇಂಥ ಬದಲಾವಣೆಯಾದ ವಾರ ಸದಸ್ಯರು ಪಾಸುಪುಸ್ತಕ ತಂದು ಜಮೆಯನ್ನು ತಾಳೆ ನೋಡಿಕೊಳ್ಳಬೇಕಾಗಿ ವಿನಂತಿ.