ಗಣಿ, ಕಡಲು ಮತ್ತು ಅವೆರಡರ ನಡುವಣ ನಾಡು

ಕರಾವಳಿಯ ಜೀವನ, ಗಣಿಪ್ರದೇಶದ ಜೀವನ ಎಂದು ಪ್ರತ್ಯೇಕವಾಗಿ ವಿವೇಚಿಸುವುದು ನಮ್ಮಲ್ಲಿ ರೂಢಿಯಾಗಿದೆ. ಗಣಿಯಿಂದೆತ್ತಿದ ವಸ್ತು ಕಡಲನ್ನು ಸೇರುವ ಮುನ್ನ ಹಾದುಹೋಗುವ ನಾಡಿನ ವಿಚಾರ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆ ಅಂತಹುದು. ಇಲ್ಲಿ ಯಾವ ಸಂಪತ್ತು ನಿಂತಿತು, ಯಾವುದು ಹಾದುಹೋಯಿತು ಎಂಬುದು ನಮ್ಮ ಪ್ರಶ್ನೆ.

ನಿಂತ ಸಂಪತ್ತಿಗೆ ಬಳಪದ ಕಲ್ಲೇ ಸಾಕ್ಷಿ. ಈ ಸೀಮೆಯ ಶಿಲಾಪಟ್ಟಿಗಳಲ್ಲಿ ದೊರೆಯುವ ಈ ಕಲ್ಲು ಹೊಸದಾಗಿ ಕಡಿದಾಗ ಉಳಿಗೆ ಸುಲಭವಾಗಿ ಒಗ್ಗುತ್ತದೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯವೂ ಅನಂತರದ ಹಳೇಬೀಡಿನ ಗುಡಿಗಳೂ ಈ ಕಲ್ಲಿನಿಂದಲೇ ಆದವು. ಬಳ್ಳಿಗಾವೆಯ ದಾಸೋಜನಂತಹ ಶಿಲ್ಪಿಗಳು ದೂರದಿಂದ ಬಂದು ಇಲ್ಲಿ ದುಡಿದರು. ಕಲ್ಲು ಹೊರಗೆ ಹೋಗಲಿಲ್ಲ. ಕುಶಲಿಗಳೇ ಒಳಗೆ ಬಂದರು. ಇದಕ್ಕೆ ಬೇಕಾದ ಹಣವೆಲ್ಲ ನೆಲದ ಕಂದಾಯದಿಂದಲೇ ಬಂದಿತೆಂದು ಭಾವಿಸುವುದು ಸರಿಯಲ್ಲ. ಕಮ್ಮಟದ ಚಟ್ಟಿಸೆಟ್ಟಿಯೆಂಬ ವರ್ತಕನು ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಅರಸೀಕೆರೆಯ ಹೊಯ್ಸಳಕಾಲದ ಶಾಸನವೊಂದು ತಿಳಿಸುತ್ತದೆ. ಕಡಲಿನಿಂದ ಇಷ್ಟು ದೂರದ ಒಣಭೂಮಿಯಲ್ಲಿ ಹಡಗಿನ ಮಾತು! ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಆಧುನಿಕ ಕಾಲದಲ್ಲಿ ಚಿತ್ರ ತಿರುಗುಮುರುಗಾಯಿತು. ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮೈಟ್ ಅದಿರನ್ನು ಅಗೆಯಲಾಯಿತು. ಅದು ಉಪಯೋಗವಾದದ್ದು ಹೊರಗಿನ ಉಕ್ಕಿನ ಉದ್ಯಮಕ್ಕೆ. ಇದಕ್ಕಿಂತ ದೊಡ್ಡದು ಬಳ್ಳಾರಿ-ಹೊಸಪೇಟೆಗಳ ಕಬ್ಬಿಣದ ಅದಿರಿನ ಸಾಗಣೆ. 1974ರಲ್ಲಿ ಪ್ರಧಾನ ಬಂದರೆನಿಸಿದ ನವಮಂಗಳೂರನ್ನು ಒಳನಾಡಿಗೆ ಕೂಡಿಸಲು ಹಾಸನ-ಮಂಗಳೂರು ರೈಲುಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಘಟ್ಟದಲ್ಲಿ 57 ಸುರಂಗಗಳನ್ನುಳ್ಳ ಈ ಮಾರ್ಗ, ಹಳಿಯ ಅಗಲ ಹೆಚ್ಚಿಸಲು 1996ರಲ್ಲಿ ನಿಂತು, 2006ರಲ್ಲಿ ಸರಕಿಗೆ ಮತ್ತೆ ತೆರೆಯಿತು. ಅದಿರಿನ ಗಾಡಿಗಳಿಗೆ ಅರಸೀಕೆರೆ ಒಂದು ಗಂಟಾಯಿತು. ಆದರೆ 2010ರಲ್ಲಿ ರಾಜ್ಯಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿಯ ಊರಿನಲ್ಲಿ ಇದು ಸಾವಿರಾರು ಮಂದಿಯ ಕೂಲಿಯ ಪ್ರಶ್ನೆ. ಅದಿರು ಹಾದುಹೋಗುತ್ತಿದ್ದ ಊರಿನಲ್ಲಿ ಅದರ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಅದಿರಿನಿಂದ ಅಲ್ಲಿಗೆ ಬಂದ ಗಳಿಕೆಯೂ ಅಷ್ಟಕ್ಕಷ್ಟೆಯಾಗಿತ್ತು.

ಅರಸೀಕೆರೆಯ ನಿಜವಾದ ಗಣಿ ತೆಂಗಿನ ತೋಟ. ಬೇಲೂರು ಮಲೆನಾಡಿನ ಅಂಚಿನಲ್ಲಿದ್ದು ಕಾಫಿ, ಮೆಣಸುಗಳನ್ನು ಬೆಳೆಯುತ್ತದೆ. ಅರಸೀಕೆರೆ ಮಳೆ ಕಡಿಮೆಯ ಬಯಲುಸೀಮೆ. ಕರಾವಳಿಯ ಮರವೆಂದು ನಾವು ತಿಳಿದಿರುವ ತೆಂಗು ಇಲ್ಲಿ ಕೆರೆಯನ್ನೂ ಬಾವಿಯನ್ನೂ ನಂಬಿ ನಿಂತಿದೆ. ಕರಾವಳಿಯಲ್ಲಿ ಕಾಯನ್ನು ಒಡೆದು ಒಣಗಿಸಿ ಎಣ್ಣೆ ತೆಗೆಯುವರು. ಇಲ್ಲಿಯ ಪದ್ಧತಿ ಬೇರೆ. ಬಲಿತ ಕಾಯಿಗಳನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಸುಮಾರು ಹತ್ತು ತಿಂಗಳು ಇಡುವರು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಅಲುಗಿಸಿದರೆ ಗಡಗಡನೆ ಸದ್ದು ಮಾಡುವುದು. ಅದೇ ಉಂಡೆ ಕೊಬ್ಬರಿ. ಒಣಹವೆಯಿಲ್ಲದ ಕರಾವಳಿಯಲ್ಲಿ ಇದು ಸುಲಭಸಾಧ್ಯವಲ್ಲ. ತಿಪಟೂರು, ಅರಸೀಕೆರೆಗಳ ಮಾರುಕಟ್ಟೆಯಿಂದ ಇದು ಉತ್ತರ ಭಾರತದ ಪೂಜೆ, ಮದುವೆ, ಸಿಹಿತಿಂಡಿಗಳಿಗೆ ಹೋಗುತ್ತದೆ.

ಹೀಗಾಗಿ ಈ ಸೀಮೆಯ ಮನೆಯ ಅಟ್ಟವೇ ಬೊಕ್ಕಸ. ಆದರೆ ಅದರ ಬೀಗದ ಕೈ ಬೇರೆಡೆ ಇದೆ. 2024ರ ಹಂಗಾಮಿಗೆ ಕೇಂದ್ರಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆ ಗೊತ್ತುಮಾಡಿತು. ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ಸರ್ಕಾರಿ ಖರೀದಿ ಕೇಂದ್ರ ತೆರೆಯುವ ದಿನವನ್ನು ಬೆಳೆಗಾರ ಎದುರುನೋಡಬೇಕಾಗುತ್ತದೆ. 1990ರ ದಶಕದ ಕೊನೆಯಲ್ಲಿ ತಲೆದೋರಿದ ನುಸಿಪೀಡೆ, ಮತ್ತೆ ಮತ್ತೆ ಬರುವ ಬರಗಾಲ ಇವುಗಳಿಂದ ಇಳುವರಿಯೂ ನೆಚ್ಚುವಂತಿಲ್ಲ. ಹತ್ತು ತಿಂಗಳು ಕಾಯಬಲ್ಲವನು ಕೊಬ್ಬರಿ ಮಾಡುತ್ತಾನೆ. ಸಾಲದ ಕಂತು ಕಟ್ಟಬೇಕಾದ ಸಣ್ಣ ಹಿಡುವಳಿದಾರನು ಗೊನೆಯನ್ನು ಎಳನೀರಿಗೆಂದೇ ಇಳಿಸಿಬಿಡುತ್ತಾನೆ. ಅವನ ಅಟ್ಟ ಆ ವರ್ಷ ಬರಿದಾಗಿ ಉಳಿಯುತ್ತದೆ.