ಯಂತ್ರಕ್ಕೆ ಪದದ ಅರ್ಥ ತಿಳಿದಿದೆಯೆ?

ಅಮೆರಿಕದ ಕಾಲೇಜು ಸೇರಬಯಸುವ ವಿದೇಶಿ ವಿದ್ಯಾರ್ಥಿಗಳು ಬರೆಯುವ ‘ಟೋಫೆಲ್’ ಪರೀಕ್ಷೆಯಲ್ಲಿ ಹಿಂದೆ ಒಂದು ಬಗೆಯ ಪ್ರಶ್ನೆ ಇರುತ್ತಿತ್ತು. ಒಂದು ಇಂಗ್ಲಿಷ್ ಪದ ಕೊಟ್ಟು, ಅದಕ್ಕೆ ಸಮಾನವಾದುದನ್ನು ನಾಲ್ಕು ಪದಗಳಲ್ಲಿ ಆರಿಸಿ ಎನ್ನುವುದು. ಇಂಥ 80 ಪ್ರಶ್ನೆಗಳನ್ನು ಥಾಮಸ್ ಲ್ಯಾಂಡವರ್ ಮತ್ತು ಸೂಸನ್ ಡುಮೇ ಎಂಬ ಸಂಶೋಧಕರು ಗಣಕಯಂತ್ರಕ್ಕೆ ಕೇಳಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು: ಯಂತ್ರಕ್ಕೆ ಶೇ 64.4, ವಿದೇಶಿ ವಿದ್ಯಾರ್ಥಿಗಳ ಸರಾಸರಿ ಶೇ 64.5!

ಯಂತ್ರಕ್ಕೆ ಯಾರೂ ನಿಘಂಟು ಕೊಟ್ಟಿರಲಿಲ್ಲ. ವಿಶ್ವಕೋಶವೊಂದರ ಸುಮಾರು 30 ಸಾವಿರ ಲೇಖನಗಳನ್ನು ಒದಗಿಸಿ, ಯಾವ ಪದ ಯಾವುದರ ಜೊತೆ ಬರುತ್ತದೆಂದು ಲೆಕ್ಕ ಹಾಕಿಸಿದ್ದರು, ಅಷ್ಟೆ. ಪದದ ಗುಣ ಅದರ ಸಹವಾಸದಿಂದ ತಿಳಿಯುತ್ತದೆ ಎಂಬುದು ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್ ಅವರ ವಿಚಾರ. ಇಂದಿನ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳೂ ಮೂಲತಃ ಈ ಸಹವಾಸದಿಂದಲೇ ಕಲಿಯುತ್ತವೆ.

ಆದರೆ ಸಹವಾಸವೊಂದೇ ಸಾಕೆ? ‘ಬಿಸಿ’, ‘ತಣ್ಣನೆಯ’ ಎಂಬ ಪದಗಳೆರಡೂ ನೀರು, ಹಾಲು, ಗಾಳಿಗಳ ಜೊತೆಯಲ್ಲೇ ಬರುತ್ತವೆ. ಸಹವಾಸ ಒಂದೇ, ಅರ್ಥ ಮಾತ್ರ ವಿರುದ್ಧ. ಒಂದೇ ಮಾತಿಗೆ ಎರಡು ಅರ್ಥವಿದ್ದರೆ ಇನ್ನೂ ತೊಡಕು. ‘ಬಾವಿಗೆ ಬಿದ್ದವನಿಗೆ ಕೈ ಕೊಟ್ಟ’ ಎಂದರೆ ಉಪಕಾರ. ‘ನಂಬಿದವನಿಗೆ ಕೈ ಕೊಟ್ಟ’ ಎಂದರೆ ದ್ರೋಹ.

ಈ ಬಗೆಯ ವಿವೇಕವನ್ನು ಅಳೆಯಲು 2019ರಲ್ಲಿ ‘ವಿಕ್’ ಎಂಬ ಇಂಗ್ಲಿಷ್ ಪರೀಕ್ಷೆ ಸಿದ್ಧವಾಯಿತು. ಒಂದೇ ಪದವಿರುವ ಎರಡು ವಾಕ್ಯಗಳನ್ನು ಕೊಟ್ಟು, ಎರಡರಲ್ಲೂ ಅರ್ಥ ಒಂದೆಯೋ ಅಲ್ಲವೋ ಎಂದು ಕೇಳುತ್ತಾರೆ. ಮನುಷ್ಯರಿಗೇ ಇದರಲ್ಲಿ ದಕ್ಕುವುದು ಶೇ 80ರ ಆಸುಪಾಸು. 2020ರಲ್ಲಿ ತನ್ನ ಬರವಣಿಗೆಯಿಂದ ಬೆರಗು ಹುಟ್ಟಿಸಿದ ‘ಜಿಪಿಟಿ–3’ ಮಾದರಿಗೆ ಕೆಲವು ಉದಾಹರಣೆಗಳನ್ನಷ್ಟೇ ತೋರಿಸಿ ಪ್ರಶ್ನೆ ಕೇಳಿದಾಗ ಬಂದದ್ದು ಶೇ 49.4. ನಾಣ್ಯ ಚಿಮ್ಮಿ ಉತ್ತರ ಹೇಳಿದ್ದರೂ ಅಷ್ಟೇ ಬರುತ್ತಿತ್ತು! ಇದೇ ಪರೀಕ್ಷೆಗೆಂದು ಪಳಗಿಸಿದ ಬೇರೆ ಮಾದರಿಗಳು ಮಾತ್ರ ಇದಕ್ಕಿಂತ ಮುಂದಿದ್ದವು.

ಹಾಗಾಗಿ ಯಂತ್ರವೊಂದು ಇಷ್ಟು ಅಂಕ ಪಡೆಯಿತು ಎಂದಾಗ, ಕೇಳಿದ ಪ್ರಶ್ನೆ ಯಾವುದು ಎಂಬುದನ್ನೂ ನೋಡಬೇಕು. ಪ್ರಶ್ನೆಗಳೂ ಉತ್ತರಗಳೂ ಯಂತ್ರ ಓದಿದ ರಾಶಿಯಲ್ಲೇ ಸೇರಿಹೋಗಿದ್ದರೆ, ಅದು ಮೊದಲೇ ಬಯಲಾದ ಪ್ರಶ್ನೆಪತ್ರಿಕೆಯಂತೆ. ನಮಗಂತೂ ಇನ್ನೊಂದು ಎಚ್ಚರಿಕೆ ಅಗತ್ಯ. ಇಂಗ್ಲಿಷಿನ ಪರೀಕ್ಷೆಯನ್ನು ಅನುವಾದಿಸಿಕೊಂಡರೆ ‘ಕೈ ಕೊಟ್ಟ’ ಎಂಬಂಥ ಮಾತು ಅದರಲ್ಲಿ ಬರುವುದೇ ಇಲ್ಲ. ಯಂತ್ರದ ಕನ್ನಡವನ್ನು ಅಳೆಯುವ ಪ್ರಶ್ನೆಗಳು ಕನ್ನಡದೊಳಗಿನಿಂದಲೇ ಹುಟ್ಟಬೇಕು.