ಗ್ರೀಸ್‌ನ ಸಾಲದ ಬಿಕ್ಕಟ್ಟು

ಗ್ರೀಸ್‌ನ ಸಾಲದ ಬಿಕ್ಕಟ್ಟು ಎಂಬುದು 2009ರ ಕೊನೆಯ ತಿಂಗಳುಗಳಲ್ಲಿ ಆರಂಭವಾಗಿ 2018ರವರೆಗೆ ಗ್ರೀಸ್ ದೇಶವನ್ನು ಕಾಡಿದ ಸರ್ಕಾರಿ ಸಾಲದ ಬಿಕ್ಕಟ್ಟಾಗಿದೆ. ಸರ್ಕಾರವು ತನ್ನ ಹಳೆಯ ಸಾಲವನ್ನು ತೀರಿಸಲು ಹೊಸ ಸಾಲ ಪಡೆಯಲಾಗದ ಸ್ಥಿತಿಗೆ ತಲುಪಿದಾಗ, ಯೂರೋ ವಲಯದ ಇತರ ರಾಷ್ಟ್ರಗಳು ಹಾಗೂ ಅಂತರರಾಷ್ಟ್ರೀಯ ಹಣಕಾಸು ನಿಧಿಯು (ಐಎಂಎಫ್) ಮೂರು ಹಂತಗಳಲ್ಲಿ ಒಟ್ಟು ಸುಮಾರು 28,900 ಕೋಟಿ ಯೂರೋಗಳಷ್ಟು ಸಾಲವನ್ನು ನೀಡಿದವು. ಇದಕ್ಕೆ ಪ್ರತಿಯಾಗಿ ಗ್ರೀಸ್ ಕಠಿಣವಾದ ಮಿತವ್ಯಯ ಕ್ರಮಗಳನ್ನು ಕೈಗೊಳ್ಳಬೇಕಾಯಿತು. ಒಂದೇ ಕರೆನ್ಸಿಯನ್ನು ಹಂಚಿಕೊಂಡು, ಬೊಕ್ಕಸಗಳನ್ನು ಮಾತ್ರ ಪ್ರತ್ಯೇಕವಾಗಿ ಇರಿಸಿಕೊಂಡಿದ್ದ ರಾಷ್ಟ್ರಗಳ ಒಕ್ಕೂಟದ ದೌರ್ಬಲ್ಯಗಳನ್ನು ಈ ಬಿಕ್ಕಟ್ಟು ಬಯಲಿಗೆ ತಂದಿತು.

ಹಿನ್ನೆಲೆ

1992ರಲ್ಲಿ ಸಹಿ ಹಾಕಲಾದ ಮಾಸ್ಟ್ರಿಕ್ಟ್ ಒಪ್ಪಂದವು ಐರೋಪ್ಯ ಒಕ್ಕೂಟಕ್ಕೆ ಒಂದೇ ಕರೆನ್ಸಿಯನ್ನು ತರುವ ದಾರಿಯನ್ನು ರೂಪಿಸಿತು. ಈ ಕರೆನ್ಸಿಯನ್ನು ಸೇರಬಯಸುವ ರಾಷ್ಟ್ರದ ವಾರ್ಷಿಕ ವಿತ್ತೀಯ ಕೊರತೆಯು ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇಕಡಾ 3ನ್ನು, ಸರ್ಕಾರಿ ಸಾಲವು ಶೇಕಡಾ 60ನ್ನು ಮೀರಬಾರದೆಂಬುದು ಅದರ ಮುಖ್ಯ ನಿಯಮಗಳಲ್ಲಿ ಸೇರಿತ್ತು. ಸಾಲದ ಮಿತಿಯನ್ನು ದಾಟಿದ್ದರೂ ಅದು ತೃಪ್ತಿಕರವಾಗಿ ಇಳಿಯುತ್ತಿದ್ದರೆ ಸದಸ್ಯತ್ವಕ್ಕೆ ಅವಕಾಶವಿತ್ತು.

ಗ್ರೀಸ್ 2001ರ ಜನವರಿ 1ರಂದು ಯೂರೋ ವಲಯವನ್ನು ಸೇರಿತು. ಪ್ರತಿ ಯೂರೋಗೆ 340.75 ದ್ರಾಕ್ಮಾದಂತೆ ಅದರ ಹಳೆಯ ಕರೆನ್ಸಿಯನ್ನು ಪರಿವರ್ತಿಸಲಾಯಿತು. 2002ರ ಆರಂಭದಲ್ಲಿ ಯೂರೋ ನೋಟುಗಳು ಮತ್ತು ನಾಣ್ಯಗಳು ಚಲಾವಣೆಗೆ ಬಂದವು. ಆದರೆ 1999ರಿಂದ ಗ್ರೀಸ್‌ನ ಕೊರತೆಯು ಶೇಕಡಾ 3ರ ಮಿತಿಯೊಳಗೆ ಇರಲೇ ಇಲ್ಲವೆಂಬುದು 2004ರ ಪರಿಷ್ಕೃತ ಲೆಕ್ಕಗಳಿಂದ ತಿಳಿದುಬಂದಿತು.

ಯೂರೋ ಸೇರಿದ ಮೇಲೆ ಗ್ರೀಸ್‌ಗೆ ಸಾಲವು ಹಿಂದೆಂದಿಗಿಂತಲೂ ಅಗ್ಗವಾಯಿತು. ಒಂದೇ ಕರೆನ್ಸಿಯನ್ನು ಬಳಸುವ ದೇಶಗಳಲ್ಲಿ ಅಪಾಯವೂ ಒಂದೇ ಬಗೆಯದೆಂದು ಹೂಡಿಕೆದಾರರು ಭಾವಿಸಿದ್ದರು. ಹೀಗಾಗಿ ಗ್ರೀಸ್‌ನ ಬಾಂಡ್‌ಗಳ ಬಡ್ಡಿದರವು ಜರ್ಮನಿಯ ಬಾಂಡ್‌ಗಳ ಬಡ್ಡಿದರಕ್ಕೆ ಬಹಳ ಸಮೀಪ ಬಂದಿತು. ಸರ್ಕಾರಿ ವೇತನ, ಪಿಂಚಣಿ ಮತ್ತು ಸಾರ್ವಜನಿಕ ವೆಚ್ಚಗಳು ಏರಿದವು. ತೆರಿಗೆ ಸಂಗ್ರಹವು ದುರ್ಬಲವಾಗಿಯೇ ಉಳಿಯಿತು. ಆಮದು ರಫ್ತಿಗಿಂತ ಬಹಳ ಹೆಚ್ಚಾಗಿದ್ದು, ಈ ಅಂತರವನ್ನು ಹೊರದೇಶಗಳ ಸಾಲದಿಂದ ತುಂಬಿಸಲಾಗುತ್ತಿತ್ತು. ಹೀಗೆ ಸಾಲ ನೀಡಿದವರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಬ್ಯಾಂಕುಗಳು ಪ್ರಮುಖವಾಗಿದ್ದವು.

ಬಿಕ್ಕಟ್ಟಿನ ಆರಂಭ

2008ರ ಜಾಗತಿಕ ಆರ್ಥಿಕ ಕುಸಿತದ ನಂತರ ಹೂಡಿಕೆದಾರರು ಎಚ್ಚರಿಕೆಯಿಂದ ವರ್ತಿಸತೊಡಗಿದರು. 2009ರ ಅಕ್ಟೋಬರ್‌ನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಾಪಾಂಡ್ರೂ ಅವರ ಸರ್ಕಾರವು, ಆ ವರ್ಷದ ಕೊರತೆಯು ಹಿಂದಿನ ಸರ್ಕಾರ ತಿಳಿಸಿದ್ದಕ್ಕಿಂತ ಬಹಳ ಹೆಚ್ಚಾಗಿದ್ದು, ಜಿಡಿಪಿಯ ಶೇಕಡಾ 12ನ್ನು ಮೀರಲಿದೆ ಎಂದು ಪ್ರಕಟಿಸಿತು. ಮುಂದಿನ ಪರಿಷ್ಕರಣೆಗಳಲ್ಲಿ ಅದು ಶೇಕಡಾ 15ಕ್ಕಿಂತ ಹೆಚ್ಚೆಂದು ತಿಳಿಯಿತು. ಅಂಕಿ-ಅಂಶಗಳ ಮೇಲಿನ ನಂಬಿಕೆ ಕುಸಿದಂತೆ ಬಾಂಡ್‌ಗಳ ಬಡ್ಡಿದರವು ವೇಗವಾಗಿ ಏರಿತು. 2010ರ ಏಪ್ರಿಲ್ 23ರಂದು ಪಾಪಾಂಡ್ರೂ ಅವರು ಕಾಸ್ಟೆಲೊರಿಜೊ ಎಂಬ ಚಿಕ್ಕ ದ್ವೀಪದಿಂದ ದೇಶವನ್ನು ಉದ್ದೇಶಿಸಿ ಮಾತನಾಡಿ, ಹೊರಗಿನ ನೆರವನ್ನು ಅಧಿಕೃತವಾಗಿ ಕೋರುತ್ತಿರುವುದಾಗಿ ಘೋಷಿಸಿದರು.

ಒಂದೇ ಕರೆನ್ಸಿಯ ತೊಡಕು

ಸ್ವಂತ ಕರೆನ್ಸಿಯುಳ್ಳ ದೇಶವು ಇಂತಹ ಸಂಕಷ್ಟಕ್ಕೆ ಸಿಲುಕಿದಾಗ ಸಾಮಾನ್ಯವಾಗಿ ಅದನ್ನು ಅಪಮೌಲ್ಯಗೊಳಿಸುತ್ತದೆ. ಆಗ ಆ ದೇಶದ ಸರಕುಗಳು ಹೊರಗಿನವರಿಗೆ ಅಗ್ಗವಾಗಿ ರಫ್ತು ಹೆಚ್ಚುತ್ತದೆ, ಆಮದು ದುಬಾರಿಯಾಗಿ ತಗ್ಗುತ್ತದೆ. ಭಾರತವು 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನಲ್ಲಿ ಐಎಂಎಫ್‌ನ ನೆರವು ಪಡೆದುದಲ್ಲದೆ, ಆ ವರ್ಷದ ಜುಲೈನಲ್ಲಿ ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಿತ್ತು. ಗ್ರೀಸ್‌ಗೆ ಈ ದಾರಿ ಮುಚ್ಚಿತ್ತು. ಯೂರೋದ ಬಡ್ಡಿದರವನ್ನು ನಿರ್ಧರಿಸುವ ಯುರೋಪಿಯನ್ ಕೇಂದ್ರ ಬ್ಯಾಂಕ್ ಇಡೀ ವಲಯಕ್ಕೆ ಸೇರಿದ್ದು, ಒಂದು ದೇಶದ ಅಗತ್ಯಕ್ಕೆ ತಕ್ಕಂತೆ ನಡೆಯುವಂತಿರಲಿಲ್ಲ. ಆದ್ದರಿಂದ ಕರೆನ್ಸಿಯ ಬೆಲೆಯನ್ನು ಇಳಿಸುವ ಬದಲು ದೇಶದೊಳಗಿನ ಕೂಲಿ, ವೇತನ ಮತ್ತು ಪಿಂಚಣಿಗಳನ್ನೇ ಇಳಿಸಬೇಕಾಯಿತು. ಅರ್ಥಶಾಸ್ತ್ರಜ್ಞರು ಇದನ್ನು ಆಂತರಿಕ ಅಪಮೌಲ್ಯ ಎಂದು ಕರೆಯುತ್ತಾರೆ.

ಎರಡನೆಯ ತೊಡಕು ಬೊಕ್ಕಸಕ್ಕೆ ಸಂಬಂಧಿಸಿದ್ದು. ಭಾರತದ ರಾಜ್ಯಗಳೂ ಒಂದೇ ರೂಪಾಯಿಯನ್ನು ಬಳಸುತ್ತವೆ. ಆದರೆ ಇಲ್ಲಿ ಕೇಂದ್ರ ಸರ್ಕಾರವಿದ್ದು, ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ತೆರಿಗೆಗಳ ಒಂದು ಪಾಲು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಯೂರೋ ವಲಯದಲ್ಲಿ ಇಂತಹ ದೊಡ್ಡ ಕೇಂದ್ರ ಬೊಕ್ಕಸವಿರಲಿಲ್ಲ. ಅಲ್ಲದೆ ಒಂದು ಸದಸ್ಯ ರಾಷ್ಟ್ರದ ಸಾಲಕ್ಕೆ ಒಕ್ಕೂಟವಾಗಲಿ ಇತರ ಸದಸ್ಯರಾಗಲಿ ಹೊಣೆಯಲ್ಲ ಎಂದು ಒಕ್ಕೂಟದ ಒಪ್ಪಂದವೇ ಹೇಳುತ್ತಿತ್ತು. ಹೀಗಾಗಿ ಪ್ರತಿಯೊಂದು ನೆರವಿಗೂ ಹೊಸ ಏರ್ಪಾಡು, ಹೊಸ ಚೌಕಾಸಿ ಹಾಗೂ ಹಲವು ಸಂಸತ್ತುಗಳ ಒಪ್ಪಿಗೆ ಬೇಕಾಗುತ್ತಿತ್ತು.

ನೆರವಿನ ಯೋಜನೆಗಳು

ಮೊದಲ ಯೋಜನೆ 2010ರ ಮೇ ತಿಂಗಳಲ್ಲಿ ಅಂಗೀಕಾರವಾಯಿತು. ಅದರ ಮೊತ್ತ 11,000 ಕೋಟಿ ಯೂರೋ. ಇದರಲ್ಲಿ 8,000 ಕೋಟಿ ಯೂರೋ ವಲಯದ ರಾಷ್ಟ್ರಗಳ ಪಾಲು, 3,000 ಕೋಟಿ ಐಎಂಎಫ್‌ನ ಪಾಲು ಎಂದು ನಿಗದಿಯಾಗಿತ್ತು. ಷರತ್ತುಗಳ ಪಾಲನೆಯನ್ನು ಐರೋಪ್ಯ ಆಯೋಗ, ಯುರೋಪಿಯನ್ ಕೇಂದ್ರ ಬ್ಯಾಂಕ್ ಮತ್ತು ಐಎಂಎಫ್ ಜಂಟಿಯಾಗಿ ಪರಿಶೀಲಿಸುತ್ತಿದ್ದವು. ಈ ಮೂರನ್ನೂ ಸೇರಿಸಿ 'ಟ್ರೋಯ್ಕಾ' ಎಂದು ಕರೆಯುವುದು ರೂಢಿಯಾಯಿತು.

2012ರ ಎರಡನೆಯ ಯೋಜನೆಯಲ್ಲಿ 13,000 ಕೋಟಿ ಯೂರೋಗಳ ಹೊಸ ನೆರವು ಸೇರಿತ್ತು. ಇದರ ಜೊತೆಗೆ ಖಾಸಗಿ ಸಾಲಿಗರು ತಮ್ಮ ಬಾಂಡ್‌ಗಳ ಮುಖಬೆಲೆಯಲ್ಲಿ ಶೇಕಡಾ 53.5ರಷ್ಟನ್ನು ಬಿಟ್ಟುಕೊಡಬೇಕಾಯಿತು. ಇದರಿಂದ ಗ್ರೀಸ್‌ನ ಸಾಲ ಸುಮಾರು 10,700 ಕೋಟಿ ಯೂರೋಗಳಷ್ಟು ಇಳಿಯಿತು. ಮೂರನೆಯ ಯೋಜನೆ 2015ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ಗರಿಷ್ಠ 8,600 ಕೋಟಿ ಯೂರೋ ನೀಡಲು ಅವಕಾಶವಿದ್ದರೂ ಸುಮಾರು 6,200 ಕೋಟಿಯಷ್ಟನ್ನು ಮಾತ್ರ ಬಳಸಿಕೊಳ್ಳಲಾಯಿತು.

ಈ ಹಣದ ಬಹುಪಾಲು ಸರ್ಕಾರದ ದೈನಂದಿನ ವೆಚ್ಚಕ್ಕೆ ಹೋಗದೆ, ಹಳೆಯ ಸಾಲ ಹಾಗೂ ಬಡ್ಡಿಯ ಪಾವತಿಗೆ ಮತ್ತು ಗ್ರೀಕ್ ಬ್ಯಾಂಕುಗಳ ಬಂಡವಾಳ ಪೂರಣಕ್ಕೆ ವಿನಿಯೋಗವಾಯಿತು. ಪರಿಣಾಮವಾಗಿ, ಮೊದಲು ಖಾಸಗಿ ಬ್ಯಾಂಕುಗಳಿಗೆ ಸಲ್ಲಬೇಕಿದ್ದ ಸಾಲವು ಕ್ರಮೇಣ ಇತರ ಐರೋಪ್ಯ ರಾಷ್ಟ್ರಗಳ ತೆರಿಗೆದಾರರಿಗೆ ಸಲ್ಲಬೇಕಾದ ಸಾಲವಾಗಿ ಮಾರ್ಪಟ್ಟಿತು.

ಜನಜೀವನದ ಮೇಲಿನ ಪರಿಣಾಮ

ಮಿತವ್ಯಯದ ಭಾರ ನೇರವಾಗಿ ಮನೆಮನೆಗೂ ತಟ್ಟಿತು. 2010ರ ಒಂದೇ ವರ್ಷದಲ್ಲಿ ಮೌಲ್ಯವರ್ಧಿತ ತೆರಿಗೆಯ ಮುಖ್ಯ ದರ ಶೇಕಡಾ 19ರಿಂದ 23ಕ್ಕೆ ಏರಿತು. 2012ರಲ್ಲಿ ಕನಿಷ್ಠ ವೇತನವನ್ನು ತಿಂಗಳಿಗೆ 751 ಯೂರೋಗಳಿಂದ 586 ಯೂರೋಗಳಿಗೆ ಇಳಿಸಲಾಯಿತು. 25 ವರ್ಷದೊಳಗಿನವರಿಗೆ ಕಡಿತ ಇನ್ನೂ ಹೆಚ್ಚಾಗಿತ್ತು. ಪಿಂಚಣಿಗಳನ್ನು ಹಲವು ಬಾರಿ ಕಡಿತಗೊಳಿಸಲಾಯಿತು.

ವೇತನ ಇಳಿದಂತೆ ಕೊಳ್ಳುವ ಶಕ್ತಿ ಇಳಿಯಿತು. ವ್ಯಾಪಾರ ಕುಗ್ಗಿ ತೆರಿಗೆಯ ಆದಾಯವೂ ಕುಗ್ಗಿತು. 2008ರಿಂದ 2013ರವರೆಗೆ ದೇಶದ ಉತ್ಪನ್ನವು ಸುಮಾರು ಕಾಲು ಭಾಗದಷ್ಟು ನಶಿಸಿತು. 2013ರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 27ನ್ನು ಮುಟ್ಟಿತು. ಯುವಜನರಲ್ಲಿ ಅದು ಶೇಕಡಾ 50ನ್ನು ಮೀರಿತ್ತು. ವೈದ್ಯರು, ಎಂಜಿನಿಯರುಗಳು ಸೇರಿದಂತೆ ಲಕ್ಷಾಂತರ ಮಂದಿ ಉದ್ಯೋಗ ಅರಸಿ ದೇಶ ಬಿಟ್ಟರು. ಸಾಲವು ಜಿಡಿಪಿಯ ಪ್ರಮಾಣದಲ್ಲಿ ಇಳಿಯುವ ಬದಲು 2009ರ ಸುಮಾರು ಶೇಕಡಾ 127ರಿಂದ ಕೆಲವೇ ವರ್ಷಗಳಲ್ಲಿ ಶೇಕಡಾ 170ಕ್ಕಿಂತ ಮೇಲೇರಿತು. ಇದಕ್ಕೆ ಸಾಲದ ಹೆಚ್ಚಳವಷ್ಟೇ ಅಲ್ಲದೆ ಉತ್ಪನ್ನದ ಕುಸಿತವೂ ಕಾರಣವಾಗಿತ್ತು. ಮಿತವ್ಯಯವು ಆರ್ಥಿಕತೆಯ ಮೇಲೆ ಬೀರುವ ಹಾನಿಯನ್ನು ಕಡಿಮೆ ಅಂದಾಜು ಮಾಡಲಾಗಿತ್ತೆಂದು ಐಎಂಎಫ್ ತನ್ನ 2013ರ ಪರಿಶೀಲನಾ ವರದಿಯಲ್ಲಿ ಒಪ್ಪಿಕೊಂಡಿತು.

ಅಥೆನ್ಸ್‌ನ ಸಂಸತ್ ಭವನದ ಎದುರಿನ ಸಿಂಟಗ್ಮಾ ಚೌಕವು ಪ್ರತಿಭಟನೆಗಳ ಕೇಂದ್ರವಾಯಿತು. 2010ರ ಮೇ 5ರ ಮುಷ್ಕರದ ದಿನ ಬ್ಯಾಂಕ್ ಶಾಖೆಯೊಂದಕ್ಕೆ ಬೆಂಕಿ ಹಚ್ಚಿದ್ದರಿಂದ ಮೂವರು ನೌಕರರು ಮೃತಪಟ್ಟರು.

ಸದಸ್ಯ ರಾಷ್ಟ್ರಗಳ ನಡುವಿನ ಭಿನ್ನಾಭಿಪ್ರಾಯ

ಜರ್ಮನಿ, ನೆದರ್ಲೆಂಡ್ಸ್, ಫಿನ್ಲೆಂಡ್ ಮೊದಲಾದ ರಾಷ್ಟ್ರಗಳು, ನಿಯಮ ಮುರಿದವರ ಸಾಲವನ್ನು ನಿಯಮ ಪಾಲಿಸಿದವರು ಹೊರುವುದು ನ್ಯಾಯವಲ್ಲ ಎಂದು ವಾದಿಸಿದವು. ಈ ಆಕ್ಷೇಪವು ಶ್ರೀಮಂತ ರಾಷ್ಟ್ರಗಳದ್ದು ಮಾತ್ರವಾಗಿರಲಿಲ್ಲ. ಗ್ರೀಸ್‌ಗಿಂತ ಕಡಿಮೆ ತಲಾ ಆದಾಯದ ಸ್ಲೊವಾಕಿಯಾ 2010ರಲ್ಲಿ ಮೊದಲ ಸಾಲದಲ್ಲಿ ಪಾಲ್ಗೊಳ್ಳಲು ನಿರಾಕರಿಸಿತು. 2011ರಲ್ಲಿ ನೆರವಿನ ನಿಧಿಯ ವಿಸ್ತರಣೆಯ ಪ್ರಶ್ನೆಯ ಮೇಲೆ ಅಲ್ಲಿನ ಸರ್ಕಾರವೇ ಉರುಳಿತು. ಇನ್ನೊಂದೆಡೆ, ಮರುಪಾವತಿಯ ಶಕ್ತಿಯನ್ನು ವಿಚಾರಿಸದೆ ಸಾಲ ಕೊಟ್ಟ ಬ್ಯಾಂಕುಗಳ ತಪ್ಪಿಗೂ ಗ್ರೀಸ್‌ನ ದುಡಿಯುವ ಜನರೇ ಬೆಲೆ ತೆರುತ್ತಿದ್ದಾರೆಂಬುದು ಗ್ರೀಸ್‌ನಲ್ಲಿ ವ್ಯಾಪಕವಾದ ಅಭಿಪ್ರಾಯವಾಗಿತ್ತು.

ಬಿಕ್ಕಟ್ಟು ಐರ್ಲೆಂಡ್, ಪೋರ್ಚುಗಲ್, ಸ್ಪೇನ್ ಮತ್ತು ಸೈಪ್ರಸ್‌ಗಳಿಗೂ ಹಬ್ಬಿತು. 2012ರ ಜುಲೈ 26ರಂದು ಯುರೋಪಿಯನ್ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಮಾರಿಯೊ ದ್ರಾಗಿ ಅವರು ಯೂರೋವನ್ನು ಉಳಿಸಲು ತಮ್ಮ ಅಧಿಕಾರದ ಮಿತಿಯೊಳಗೆ ಏನು ಮಾಡಲೂ ಬ್ಯಾಂಕ್ ಸಿದ್ಧವಿದೆ ಎಂದು ಲಂಡನ್‌ನಲ್ಲಿ ಘೋಷಿಸಿದ ಬಳಿಕ ಮಾರುಕಟ್ಟೆಯ ಆತಂಕ ಗಣನೀಯವಾಗಿ ತಗ್ಗಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯುರೋಪಿಯನ್ ಸ್ಥಿರತಾ ವ್ಯವಸ್ಥೆ ಎಂಬ ಶಾಶ್ವತ ನೆರವಿನ ನಿಧಿ ಕಾರ್ಯಾರಂಭ ಮಾಡಿತು.

2015ರ ಜನಮತಗಣನೆ

2015ರ ಜನವರಿಯ ಚುನಾವಣೆಯಲ್ಲಿ ಮಿತವ್ಯಯವನ್ನು ವಿರೋಧಿಸಿದ ಸಿರಿಜಾ ಪಕ್ಷ ಗೆದ್ದು, ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿಯಾದರು. ಸಾಲದ ಷರತ್ತುಗಳ ಮಾತುಕತೆ ಮುರಿದುಬಿದ್ದಾಗ ಜೂನ್ 29ರಿಂದ ಬ್ಯಾಂಕುಗಳನ್ನು ಮುಚ್ಚಲಾಯಿತು. ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ಪಡೆಯಲು ಅವಕಾಶವಿತ್ತು. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನು ತೆರೆದು 120 ಯೂರೋವರೆಗೆ ನೀಡಲಾಯಿತು. ಆ ಶಾಖೆಗಳ ಮುಂದೆ ವೃದ್ಧರ ಉದ್ದನೆಯ ಸಾಲುಗಳು ಕಂಡುಬಂದವು. ಜೂನ್ 30ರಂದು ಐಎಂಎಫ್‌ಗೆ ಸಲ್ಲಬೇಕಿದ್ದ ಸುಮಾರು 150 ಕೋಟಿ ಯೂರೋಗಳ ಕಂತನ್ನು ಗ್ರೀಸ್ ಪಾವತಿಸಲಿಲ್ಲ.

ಜುಲೈ 5ರ ಜನಮತಗಣನೆಯಲ್ಲಿ ಶೇಕಡಾ 61ರಷ್ಟು ಮತದಾರರು ಸಾಲಿಗರ ಷರತ್ತುಗಳನ್ನು ತಿರಸ್ಕರಿಸಿದರು. ಆದರೆ ಯೂರೋವನ್ನು ತೊರೆದರೆ ಠೇವಣಿಗಳ ಮೌಲ್ಯ ಕುಸಿದು ಆಮದು ಸ್ಥಗಿತಗೊಳ್ಳುವ ಭೀತಿಯಿತ್ತು. ಗ್ರೀಸ್ ತಾತ್ಕಾಲಿಕವಾಗಿ ಯೂರೋದಿಂದ ಹೊರಗಿರುವ ಸಲಹೆಯನ್ನು ಜರ್ಮನಿಯ ಹಣಕಾಸು ಸಚಿವಾಲಯ ಮುಂದಿಟ್ಟಿತ್ತು. ಸುಮಾರು 17 ಗಂಟೆಗಳ ಮಾತುಕತೆಯ ನಂತರ ಜುಲೈ 13ರಂದು ಸಿಪ್ರಾಸ್ ಅವರು ಕಠಿಣ ಷರತ್ತುಗಳಿಗೆ ಒಪ್ಪಿದರು. ಒಂದು ದೇಶದ ಮತದಾರರ ತೀರ್ಪು ಮತ್ತು ಒಂದೇ ಕರೆನ್ಸಿಯ ಉಳಿದ ದೇಶಗಳ ಮತದಾರರ ಇಚ್ಛೆ ಪರಸ್ಪರ ವಿರುದ್ಧವಾದಾಗ ಯಾವುದು ನಡೆಯಬೇಕೆಂಬ ಪ್ರಶ್ನೆಯನ್ನು ಈ ಘಟನೆ ಮುಂದಿಟ್ಟಿತು.

ಬಿಕ್ಕಟ್ಟಿನ ಅಂತ್ಯ ಮತ್ತು ನಂತರ

2018ರ ಆಗಸ್ಟ್ 20ರಂದು ಮೂರನೆಯ ಯೋಜನೆ ಮುಗಿಯಿತು. ಸಾಲದ ಒಂದು ಭಾಗದ ಮರುಪಾವತಿಯ ಅವಧಿಯನ್ನು 10 ವರ್ಷ ವಿಸ್ತರಿಸಲಾಯಿತು. ಇದಕ್ಕೆ ಪ್ರತಿಯಾಗಿ, ಬಡ್ಡಿಯನ್ನು ಹೊರತುಪಡಿಸಿ 2022ರವರೆಗೆ ಜಿಡಿಪಿಯ ಶೇಕಡಾ 3.5ರಷ್ಟು ಮಿಗತೆ ಬಜೆಟ್ ಕಾಯ್ದುಕೊಳ್ಳಲು ಗ್ರೀಸ್ ಒಪ್ಪಿತು. ಹಣ ಹಿಂಪಡೆಯುವಿಕೆ ಹಾಗೂ ವರ್ಗಾವಣೆಯ ಮೇಲಿನ ಉಳಿದ ನಿರ್ಬಂಧಗಳು 2019ರ ಸೆಪ್ಟೆಂಬರ್‌ನಲ್ಲಿ ತೆರವಾದವು. ಐಎಂಎಫ್‌ನ ಸಾಲವನ್ನು ಗ್ರೀಸ್ 2022ರಲ್ಲಿ ಅವಧಿಗೆ ಮುನ್ನವೇ ತೀರಿಸಿತು. ಐರೋಪ್ಯ ರಾಷ್ಟ್ರಗಳಿಗೆ ಸಲ್ಲಬೇಕಾದ ಸಾಲದ ಕಂತುಗಳು ಮುಂದಿನ ಹಲವು ದಶಕಗಳವರೆಗೆ ಉಳಿದಿವೆ.